ಕೇಳಿಸುತ್ತೆ, ಆದ್ರೆ ಅರ್ಥ ಆಗ್ತಿಲ್ಲ: ಮುಪ್ಪಿನಲ್ಲಿ ಮಿದುಳು ಸದ್ದನ್ನು ಹೇಗೆ ಕೇಳುತ್ತದೆ?

“ಕೂಗಬೇಡಪ್ಪಾ, ಕೇಳಿಸುತ್ತೆ. ಏನು ಹೇಳ್ತಿದೀಯ ಅಂತ ಗೊತ್ತಾಗ್ತಿಲ್ಲ.” ಹಿರಿಯರು ಹೀಗೆ ಹೇಳಿದರೆ ನಾವು ದನಿಯನ್ನು ಇನ್ನಷ್ಟು ಏರಿಸುತ್ತೇವೆ. ವಿಜ್ಞಾನ ಇಲ್ಲಿ ಹಿರಿಯರ ಪರ ಇದೆ.

ಒಳಕಿವಿಯಲ್ಲಿ ಸದ್ದನ್ನು ಹಿಡಿಯುವ ಸುಮಾರು 15,000 ರೋಮಕೋಶಗಳಿವೆ. ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ವಯಸ್ಸಾದಂತೆ ಮೊದಲು ಸೋಲುವುದು ಹೆಚ್ಚು ಕಂಪನಾಂಕದ ಸದ್ದು ಹಿಡಿಯುವ ಕೋಶಗಳು. ಹಾಗಾಗಿ ಅ, ಆ, ಉ ಸ್ವರಗಳು ಕೇಳಿಸುತ್ತವೆ, ಸ, ಶದಂಥ ವ್ಯಂಜನಗಳು ಮಸುಕಾಗುತ್ತವೆ. ಊಟಕ್ಕೆ ಕೂತವರು ಹೇಳಿದ್ದು ‘ಸಾಕು’ ಅಂತಲೋ, ‘ಹಾಕು’ ಅಂತಲೋ?

ಕಿವಿಯಿಂದ ಬರುವ ಸುದ್ದಿ ಕಡಿಮೆಯಾದಾಗ ಮಿದುಳು ತಾನೇ ವಾಲ್ಯೂಮ್ ಏರಿಸುತ್ತದೆ. ಬೇಡದ ಸದ್ದನ್ನು ತಡೆಯುವ ಬ್ರೇಕಿನಂತೆ ಕೆಲಸ ಮಾಡುವ ‘ಗಾಬಾ’ ಎಂಬ ರಾಸಾಯನಿಕ ಮುಪ್ಪಿನಲ್ಲಿ ಕಡಿಮೆಯಾಗುವುದನ್ನು ಪ್ರಾಣಿಗಳ ಮೇಲಿನ ಅಧ್ಯಯನಗಳು ತೋರಿಸಿವೆ. ಹಿರಿಯರ ಮಿದುಳು ಸದ್ದಿಗೆ ಯುವಕರ ಮಿದುಳಿಗಿಂತ ಜೋರಾಗಿ ಪ್ರತಿಕ್ರಿಯಿಸುವುದೂ ಹಲವು ಬಾರಿ ಕಂಡುಬಂದಿದೆ. ಆದರೆ ಏರಿದ ವಾಲ್ಯೂಮ್ ಮಾತಿಗಷ್ಟೇ ಸೀಮಿತವಲ್ಲ. ಮಿಕ್ಸಿ, ಟಿವಿ, ಹಾರ್ನ್ ಎಲ್ಲವೂ ಒಟ್ಟಿಗೆ ನುಗ್ಗುತ್ತವೆ.

ಸಂಗೀತದ ಕಥೆ ಸ್ವಲ್ಪ ಬೇರೆ. ಹಳೆಯ ಹಾಡುಗಳ ನೆನಪಿಗೆ ನೆರವಾಗುವ ಮಿದುಳಿನ ಭಾಗಗಳು ಅಲ್ಜೈಮರ್ಸ್‌ನಲ್ಲೂ ಕಡಿಮೆ ಹಾನಿಗೊಳಗಾಗುತ್ತವೆ ಎಂದು 2015ರ ಒಂದು ಅಧ್ಯಯನ ಕಂಡುಕೊಂಡಿತು. ಮಕ್ಕಳ ಹೆಸರು ಮರೆತವರೂ ಹಳೇ ಹಾಡಿಗೆ ದನಿಗೂಡಿಸುವುದು ಇದಕ್ಕೇ ಇರಬಹುದು. ಹಾಗಂತ ಹಾಡು ಔಷಧಿ ಅಲ್ಲ.

ಇದರಲ್ಲಿ ರಾಜಕೀಯ ಎಲ್ಲಿದೆ? ಮರೆಗುಳಿತನಕ್ಕೆ ಕಾರಣವಾಗುವ, ಆದರೆ ತಡೆಯಲು ಸಾಧ್ಯವಿರುವ 14 ಅಂಶಗಳನ್ನು 2024ರ ಲ್ಯಾನ್ಸೆಟ್ ಆಯೋಗ ಪಟ್ಟಿ ಮಾಡಿದೆ. ಕಿವುಡುತನ ಅವುಗಳಲ್ಲಿ ಒಂದು. 2023ರಲ್ಲಿ ಪ್ರಕಟವಾದ ಅಮೆರಿಕದ ಅಚೀವ್ ಅಧ್ಯಯನದಲ್ಲಿ ಶ್ರವಣ ಸಾಧನ ಮತ್ತು ಸಲಹೆಯಿಂದ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಆದರೆ ಅಪಾಯ ಹೆಚ್ಚಿದ್ದವರಲ್ಲಿ ಮಿದುಳಿನ ಸಾಮರ್ಥ್ಯದ ಕುಸಿತ ಮೂರು ವರ್ಷಗಳಲ್ಲಿ 48% ನಿಧಾನವಾಯಿತು.

ನಮ್ಮಲ್ಲಿ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಬಡ ಹಿರಿಯರಿಗೆ ಉಚಿತವಾಗಿ ಶ್ರವಣ ಸಾಧನ ಕೊಡುತ್ತಿದೆ. ಒಳ್ಳೆಯದೇ. ಆದರೆ ಸಾಧನ ಕನ್ನಡಕದಂತಲ್ಲ. ಆಯಾ ಕಿವಿಗೆ ತಕ್ಕಂತೆ ಹೊಂದಿಸಬೇಕು, ಮತ್ತೆ ಮತ್ತೆ ಸರಿಪಡಿಸಬೇಕು. ಹೊಸ ಸದ್ದಿಗೆ ಒಗ್ಗಿಕೊಳ್ಳಲು ಮಿದುಳಿಗೆ ವಾರಗಟ್ಟಲೆ ಬೇಕು. ಶಿಬಿರದಲ್ಲಿ ಹಂಚಿ ಫೋಟೋ ತೆಗೆಸಿಕೊಂಡರೆ ಮುಗಿಯಿತು ಅನ್ನೋ ಹಾಗಿಲ್ಲ. ನಾವು ಕೇಳಬೇಕಾದ ಪ್ರಶ್ನೆ, ಹಂಚಿದ ಮೇಲೆ ತಾಲೂಕಿನಲ್ಲಿ ನೋಡಿಕೊಳ್ಳುವವರು ಯಾರು?

ಖರ್ಚಿಲ್ಲದ ಕೆಲಸಗಳೂ ಇವೆ. ಮುಖ ಕಾಣುವಂತೆ ಎದುರು ನಿಂತು, ನಿಧಾನವಾಗಿ ಮಾತಾಡೋದು. ಆಸ್ಪತ್ರೆಯಲ್ಲಿ ಟೋಕನ್ ನಂಬರನ್ನು ಕೂಗುವುದರ ಜೊತೆ ಬೋರ್ಡಿನಲ್ಲೂ ತೋರಿಸೋದು. ಗ್ರಾಮಸಭೆಯಲ್ಲಿ ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಮಾತಾಡೋದು. ಚರ್ಚೆ ಅರ್ಥವಾಗದವರು ಸುಮ್ಮನೆ ತಲೆಯಾಡಿಸುತ್ತಾರೆ, ಸಭೆ ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳುತ್ತದೆ.