ಅಂಗೈಯಗಲದ ಆಮೆ, ಅಂಗಳದಗಲದ ಮನೆ

ಗುಜರಾತಿನ ಸೂರತ್ ಬಳಿಯ ಹಜೀರಾದಂಥ ಕಾರ್ಖಾನೆ ಊರಿನ ಟೌನ್‌ಶಿಪ್‌ನಲ್ಲಿ ನಾಯಿ ಸಾಕುವುದೆಂದರೆ ನೂರೆಂಟು ತಕರಾರು. ಬೊಗಳಿದರೆ ಪಕ್ಕದ ಮನೆಯವರಿಗೆ ಸಿಟ್ಟು, ಲಿಫ್ಟಿನಲ್ಲಿ ಕರೆದೊಯ್ದರೆ ಕೆಳಗಿನ ಮನೆಯವರ ದೂರು. ಬೆಕ್ಕಿನ ಕೂದಲು ಅಜ್ಜಿಯ ಉಬ್ಬಸಕ್ಕೆ ಆಗಿಬರದು. ಹೀಗೆ ಒಂದೊಂದನ್ನೇ ಕೈಬಿಡುತ್ತ ಮಕ್ಕಳ ಹಟ ಕೊನೆಗೆ ಬಂದು ನಿಲ್ಲುವುದು ಆಮೆಯ ಮೇಲೆ. ಸದ್ದಿಲ್ಲ, ಗದ್ದಲವಿಲ್ಲ, ಮೂಲೆಯಲ್ಲೊಂದು ಡಬ್ಬ ಇಟ್ಟರಾಯಿತು ಎಂದು ದೊಡ್ಡವರೂ ತಲೆಯಾಡಿಸುತ್ತಾರೆ. ಡಬ್ಬದ ಮಾತಿಗೆ ಆಮೇಲೆ ಬರೋಣ. ಮೊದಲು ಕೇಳಬೇಕಾದ್ದು, ಅದು ಯಾವ ಆಮೆ?

ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದಂತೆ ಹರಡಿದ್ದರೆ ಮುಂದೆ ಮಾತೇ ಇಲ್ಲ, ಅದನ್ನು ಮನೆಗೆ ತರುವಂತಿಲ್ಲ. ನಕ್ಷತ್ರ ಆಮೆ ನಮ್ಮ ದೇಶದ್ದೇ ಕಾಡುಜೀವಿ. ಕಛ್, ಸೌರಾಷ್ಟ್ರದ ಒಣಬಯಲಿನಲ್ಲೂ ಇದೆ, ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕುರುಚಲಿನಲ್ಲೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ ಇದೀಗ ಅದು ಮೊದಲನೆಯ ಅನುಸೂಚಿಯಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ಸಿಕ್ಕಿಬಿದ್ದರೆ ಕನಿಷ್ಠ ಮೂರು ವರ್ಷ ಜೈಲು, ಮೇಲೆ ದಂಡ. 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರವೂ ಪೂರ್ತಿ ನಿಷೇಧವಾಯಿತು. ಇಷ್ಟು ಬಿಗಿ ಯಾಕೆಂದರೆ, 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಭಾರತದ ಒಂದೇ ಒಂದು ಸಂಗ್ರಹ ಕೇಂದ್ರದಿಂದ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳು ಕಳ್ಳದಾರಿ ಹಿಡಿಯುತ್ತಿದ್ದವು. ಅದರಲ್ಲಿ ಬಹುಪಾಲು ಮರಿಗಳೇ. 2018ರ ನವೆಂಬರ್‌ನಲ್ಲಿ ಸಿಂಗಾಪುರದಿಂದ 51 ನಕ್ಷತ್ರ ಆಮೆಗಳು ವಿಮಾನವೇರಿ ಬೆಂಗಳೂರಿಗೆ ವಾಪಸಾದವು. ಹೋಗುವಾಗ ಸೂಟ್‌ಕೇಸಿನಲ್ಲಿ ಬಟ್ಟೆಯ ಸಂದಿ ತುರುಕಿಸಿಕೊಂಡು ಹೋಗುವ ಜೀವಗಳಿವು. ಮರಳಿ ಬರುವ ಭಾಗ್ಯ ಎಷ್ಟಕ್ಕಿದ್ದೀತು?

ಯಾರೋ ಬಂಧುಗಳು ‘ಅದೃಷ್ಟಕ್ಕೆ’ ಎಂದು ಕೊಟ್ಟುಹೋದ ನಕ್ಷತ್ರ ಆಮೆ ಮನೆಯಲ್ಲಿದ್ದರೆ ಹೆದರಿಕೊಂಡು ಹಜೀರಾ ಬಳಿಯ ಸುವಾಲಿ ಕಡಲತೀರದ ಜಾಲಿ ಪೊದೆಯಲ್ಲಿ ಬಿಟ್ಟುಬರಬೇಡಿ. ಸಾಕಿದ ಆಮೆಯ ರೋಗ ಕಾಡಿನ ಆಮೆಗೆ ಅಂಟುತ್ತದೆ. ದಕ್ಷಿಣದ ಆಮೆಗೂ ಪಶ್ಚಿಮದ ಆಮೆಗೂ ವಂಶವಾಹಿಯಲ್ಲೇ ವ್ಯತ್ಯಾಸವಿದೆ, ಕೋಲಾರದ್ದನ್ನು ಕಛ್‌ನಲ್ಲಿ ಬಿಟ್ಟರೆ ಎರಡೂ ಕಡೆಗೆ ಕೇಡು. ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸುವುದೊಂದೇ ಸರಿಯಾದ ದಾರಿ.

ಅಕ್ವೇರಿಯಂ ಅಂಗಡಿಯ ಹಸಿರು ಮರಿ, ಕಿವಿಯ ಜಾಗದಲ್ಲಿ ಕೆಂಪು ಪಟ್ಟೆ ಇರುವಂಥದ್ದು, ಅಮೆರಿಕದ ನೀರಾಮೆ. ಅದರ ಸಂಸಾರವೇ ಬೇರೆ. ಬೆಳೆದು ಬೇಜಾರಾದಾಗ ತಾಪಿ ನದಿಗೆ ಎಸೆಯುವ ಚಾಳಿಯಂತೂ ಖಂಡಿತ ಬೇಡ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಉಳಿದದ್ದು ಸಲ್ಕಾಟಾ. ಆಫ್ರಿಕಾದ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ, ಮಣ್ಣಿನ ಬಣ್ಣದ ನೆಲದಾಮೆ. ಭಾರತದಲ್ಲಿ ಸಾಕಲು ಕೊಳ್ಳುವ ನೆಲದಾಮೆಗಳಲ್ಲಿ ಇದರ ಹೆಸರೇ ಹೆಚ್ಚಾಗಿ ಕೇಳಿಬರುವುದು. ಇದಕ್ಕೂ ಕಾಗದಪತ್ರ ಬೇಕು. 2024ರ ಫೆಬ್ರುವರಿಯಲ್ಲಿ ಬಂದ ಕೇಂದ್ರ ಸರ್ಕಾರದ ನಿಯಮದಂತೆ ಇಂಥ ವಿದೇಶಿ ಜೀವಿಗಳನ್ನು ಸಾಕುವವರು ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಲೇಬೇಕು. ಬಿಲ್ಲು, ದಾಖಲೆ ಕೊಡಲು ಹಿಂದೆಮುಂದೆ ನೋಡುವ ಅಂಗಡಿಯವನ ಹತ್ತಿರ ವ್ಯವಹಾರವೇ ಬೇಡ.

ಎಲ್ಲ ಸರಿಯಿದ್ದು ಮರಿ ಮನೆಗೆ ಬಂತೆನ್ನಿ. ಗಾಜಿನ ತೊಟ್ಟಿ ಅದಕ್ಕೆ ಮನೆಯಲ್ಲ. ಪಾರದರ್ಶಕ ಗೋಡೆಯೆಂಬುದು ಆಮೆಗೆ ಅರ್ಥವಾಗುವುದಿಲ್ಲ. ಆಚೆ ದಾರಿ ಕಾಣುತ್ತಿದೆಯಲ್ಲ ಎಂದು ದಿನವಿಡೀ ಮೂಗು ತಿಕ್ಕಿಕೊಂಡು ತಳ್ಳುತ್ತಲೇ ಇರುತ್ತದೆ. ಹಳೆಯ ಪುಸ್ತಕದ ಕಪಾಟನ್ನು ಬೆನ್ನಡಿ ಮಲಗಿಸಿ, ಅಡ್ಡ ಹಲಗೆ ತೆಗೆದರೆ ಅದಕ್ಕಿಂತ ಒಳ್ಳೆಯ ತೊಟ್ಟಿ ಬೇರೆ ಬೇಕಿಲ್ಲ. ನಾಲ್ಕಡಿ ಉದ್ದ, ಎರಡಡಿ ಅಗಲ ಮರಿಗೆ ಆರಂಭಕ್ಕೆ ಸಾಕು. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಕೊಕೊಪೀಟ್ ಮತ್ತು ಮಣ್ಣನ್ನು ಬೆರೆಸಿ ಮರಿ ಹುದುಗಿಕೊಳ್ಳುವಷ್ಟು ದಪ್ಪಕ್ಕೆ ಹರಡಿ. ಯೂರಿಯಾ ತಯಾರಾಗುವ ಊರಿನಲ್ಲಿದ್ದೀರಿ, ಹೂಕುಂಡದ ಗೊಬ್ಬರ ಹಾಕಿದ ಮಣ್ಣು ಮಾತ್ರ ಬೇಡ. ಒಂದು ಮೂಲೆಯಲ್ಲಿ ಹೆಂಚಿನ ತುಂಡನ್ನೋ ಅರ್ಧ ಒಡೆದ ಕುಂಡವನ್ನೋ ಬೋರಲು ಹಾಕಿದರೆ ಅಡಗುತಾಣ ಸಿದ್ಧ. ‘ಒಂಟಿಯಾಗಿ ಬೇಜಾರಾಗುತ್ತೆ, ಜೋಡಿ ಇರಲಿ’ ಎನ್ನುವ ಕರುಣೆಯೂ ಬೇಡ. ಆಮೆ ಒಂಟಿಜೀವಿ. ಎರಡನ್ನು ಕೂಡಿಹಾಕಿದರೆ ಬಲವಾದದ್ದು ಇನ್ನೊಂದರ ಊಟ, ಬಿಸಿಲು ಎರಡನ್ನೂ ಕಸಿಯುತ್ತದೆ.

ಮರುಭೂಮಿಯ ಪ್ರಾಣಿ, ಹಾಗಾಗಿ ಒಣಮರಳಿನಲ್ಲಿಡಬೇಕು ಎಂಬ ನಂಬಿಕೆಯಿಂದ ಎಷ್ಟೋ ಮರಿಗಳು ಹಾಳಾಗಿವೆ. ಸಲ್ಕಾಟಾ ಹಗಲಿನ ಹೆಚ್ಚು ಹೊತ್ತು ಕಳೆಯುವುದು ತಾನೇ ತೋಡಿದ ಬಿಲದಲ್ಲಿ, ಅಲ್ಲಿ ತೇವವಿರುತ್ತದೆ. ಸಾಕಿದ ಆಮೆಗಳ ಚಿಪ್ಪಿನ ಒಂದೊಂದು ಫಲಕವೂ ಪಿರಮಿಡ್ಡಿನಂತೆ ಗುಬುಟು ಏಳುವುದಕ್ಕೆ ಪ್ರೋಟೀನು ಜಾಸ್ತಿಯಾದದ್ದೇ ಕಾರಣ ಎಂದು ಬಹುಕಾಲ ಹೇಳುತ್ತಿದ್ದರು. ಆಸ್ಟ್ರಿಯದ ಸಂಶೋಧಕರು ಸಲ್ಕಾಟಾ ಮರಿಗಳನ್ನೇ ಬೆಳೆಸಿ ನೋಡಿ 2003ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಇತ್ತು: ಮುಖ್ಯ ಕಾರಣ ಒಣಹವೆ. ತೇವದಲ್ಲಿ ಬೆಳೆದವುಗಳ ಚಿಪ್ಪು ನುಣುಪಾಗಿ ಬಂತು. ಈ ದೃಷ್ಟಿಯಿಂದ ತಾಪಿಯ ಅಳಿವೆಯ ಹಜೀರಾ ಅದೃಷ್ಟದ ಜಾಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪಿನ ಡಬ್ಬಿಯೂ ಒದ್ದೆಯಾಗುವ ಹವೆ. ಕಷ್ಟ ಇರುವುದು ಎ.ಸಿ. ಕೋಣೆಯಲ್ಲಿ, ಅಲ್ಲಿ ಗಾಳಿಯ ತೇವವನ್ನೆಲ್ಲ ಯಂತ್ರ ಹೀರಿಬಿಡುತ್ತದೆ. ಆಮೆಯ ತೊಟ್ಟಿ ಆ ಕೋಣೆಯಲ್ಲಿರಬಾರದು.

ಆದರೆ ತೇವ ಮತ್ತು ಚಳಿ ಜೊತೆಯಾದರೆ ಶ್ವಾಸಕೋಶಕ್ಕೆ ಕುತ್ತು. ಸಲ್ಕಾಟಾ ಚಳಿನಿದ್ದೆ ಮಾಡುವ ಜಾತಿಯಲ್ಲ. ಜನವರಿಯಲ್ಲಿ ಸೂರತ್‌ನ ರಾತ್ರಿ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಮರಿಗೆ ರಾತ್ರಿಯೂ 25ರ ಸುತ್ತ ಬೇಕು. ಬೆಳಕಿಲ್ಲದೆ ಶಾಖ ಮಾತ್ರ ಕೊಡುವ ಸೆರಾಮಿಕ್ ಬಲ್ಬನ್ನು ಥರ್ಮೋಸ್ಟಾಟ್‌ಗೆ ಜೋಡಿಸಿಡಿ. ಹಗಲು ತೊಟ್ಟಿಯ ಒಂದು ತುದಿಯಲ್ಲಿ 35 ಡಿಗ್ರಿಯಷ್ಟು ಬಿಸಿಯ ಜಾಗ, ಇನ್ನೊಂದು ತುದಿ ತಂಪು. ಬೇಕಾದ ಕಡೆಗೆ ಅದೇ ನಡೆದುಹೋಗುತ್ತದೆ.

ಬಿಸಿಲಿಗೆ ಬದಲಿಯಿಲ್ಲ. ಅದರಲ್ಲಿರುವ ಯುವಿ-ಬಿ ಕಿರಣವಿಲ್ಲದೆ ಡಿ3 ವಿಟಮಿನ್ ತಯಾರಾಗದು, ಕ್ಯಾಲ್ಸಿಯಂ ಮೈಗೆ ಹತ್ತದು, ಚಿಪ್ಪು ಮೆತ್ತಗಾಗುತ್ತದೆ. ಕಿಟಕಿಯ ಗಾಜು ದಾಟಿ ಬಂದ ಬಿಸಿಲು ಲೆಕ್ಕಕ್ಕಿಲ್ಲ, ಗಾಜು ಆ ಕಿರಣವನ್ನು ತಡೆಯುತ್ತದೆ. ಬೆಳಗಿನ ಎಳೆಬಿಸಿಲಿಗೆ ಬಾಲ್ಕನಿಯಲ್ಲಿ ಅರ್ಧ ನೆರಳು, ಅರ್ಧ ಬಿಸಿಲು ಇರುವ ಟ್ರೇ ಇಟ್ಟು ಕಾವಲು ಕೂರಿ. ಮೇಲೆ ಜಾಲರಿ ಇರಲಿ, ಕಾಗೆಗೂ ಹದ್ದಿಗೂ ಮರಿ ಆಮೆ ಒಂದು ತುತ್ತು. ಮೇ ತಿಂಗಳ ಟೈಲ್ಸ್ ನೆಲದ ಮೇಲೆ ಮಗುಚಿಬಿದ್ದ ಮರಿ ಬದುಕುವುದಿಲ್ಲ.

ದಿನದ ಸ್ನಾನವನ್ನು ಮಾತ್ರ ನೀವೇ ಕೂತು ನೋಡಬೇಕು. ಅಗಲದ ಬೋಗುಣಿಯಲ್ಲಿ ಗದ್ದ ಮುಟ್ಟುವಷ್ಟು ಉಗುರುಬೆಚ್ಚಗಿನ ನೀರು, ಹದಿನೈದು ಇಪ್ಪತ್ತು ನಿಮಿಷ. ಮೊದಲು ಗೋಡೆ ಕೆರೆಯುತ್ತದೆ. ಆಮೇಲೆ ಕತ್ತು ಚಾಚಿ ಮೂಗಿನವರೆಗೆ ಮುಖ ಮುಳುಗಿಸಿ ನಿಂತುಬಿಡುತ್ತದೆ, ಗಂಟಲಿನ ಚರ್ಮ ಮಾತ್ರ ಒಳಗೆ ಹೊರಗೆ ಆಡುತ್ತಿರುತ್ತದೆ. ನೀರು ಕುಡಿಯುವ ಪರಿ ಅದು. ಕೊನೆಗೆ ನೀರಿನಲ್ಲಿ ಬಿಳಿ ಲೋಳೆಯಂಥದ್ದು ಕಾಣಿಸಿದರೆ ಗಾಬರಿಯಾಗಬೇಡಿ, ಅದು ಯೂರಿಕ್ ಆಮ್ಲದ ವಿಸರ್ಜನೆ. ಅದು ಮೆತ್ತಗಿದ್ದರೆ ಮೈಯಲ್ಲಿ ನೀರು ಸಾಕಷ್ಟಿದೆ, ಸೀಮೆಸುಣ್ಣದಂತೆ ಗಟ್ಟಿಯಾಗಿದ್ದರೆ ಸಾಲದು. ಸ್ನಾನ ಮಾಡಿಸಿದವರು ಸೋಪು ಹಾಕಿ ಕೈ ತೊಳೆಯಬೇಕು, ಆಮೆಯಿಂದ ಸಾಲ್ಮೊನೆಲ್ಲಾ ಹರಡುತ್ತದೆ.

ಊಟಕ್ಕೆ ಖರ್ಚಿಲ್ಲ. ಗರಿಕೆ, ದಾಸವಾಳದ ಎಲೆ ಮತ್ತು ಹೂವು, ಹಿಪ್ಪುನೇರಳೆ ಎಲೆ, ಮುಳ್ಳು ತೆಗೆದ ಪಾಪಾಸುಕಳ್ಳಿ. ಗುಜರಾತಿನಲ್ಲಿ ದನಗಳಿಗೆ ಹಾಕುವ ರಜಕೋ, ಅಂದರೆ ನಮ್ಮ ಕುದುರೆ ಮೆಂತೆ, ಅಪರೂಪಕ್ಕೆ ಸಾಕು. ಪಾಲಕ್ ರೂಢಿಯಾಗಬಾರದು, ಅದರ ಆಕ್ಸಲಿಕ್ ಆಮ್ಲ ಕ್ಯಾಲ್ಸಿಯಂ ಕಟ್ಟಿಹಾಕುತ್ತದೆ. ಹಣ್ಣು ಸಲ್ಕಾಟಾದ ಹೊಟ್ಟೆಗೆ ಒಗ್ಗದು. ಬ್ರೆಡ್ಡು, ಹಾಲು, ಅನ್ನ, ನಾಯಿಯ ಪೆಡಿಗ್ರಿ ಇವು ಯಾವುವೂ ಆಮೆಯ ಊಟವಲ್ಲ. ಔಷಧಿ ಸಿಂಪಡಿಸಿದ ಲಾನಿನ ಹುಲ್ಲನ್ನು ತರಬೇಡಿ. ಕಚ್ಚಿ ತಿನ್ನಲು ಒಂದು ತುಂಡು ಸಮುದ್ರಫೇನ ತೊಟ್ಟಿಯಲ್ಲಿಟ್ಟರೆ ಕ್ಯಾಲ್ಸಿಯಂ ಆಯಿತು.

ನಮ್ಮವರ ಭಕ್ತಿಯೂ ಒಮ್ಮೊಮ್ಮೆ ಆಮೆಗೆ ಕಂಟಕ. ಕೂರ್ಮಾವತಾರವೆಂದು ಚಿಪ್ಪಿಗೆ ಎಣ್ಣೆ, ಕುಂಕುಮ ಬಳಿಯುವುದು ಬೇಡ. ಓಡಿಹೋಗದಿರಲೆಂದು ಚಿಪ್ಪಿನ ಅಂಚಿಗೆ ತೂತು ಕೊರೆದು ದಾರ ಕಟ್ಟುವವರೂ ಇದ್ದಾರೆ. ಚಿಪ್ಪೆಂದರೆ ಅಂಗಿಯಲ್ಲ, ಬೆನ್ನೆಲುಬು ಪಕ್ಕೆಲುಬು ಕೂಡಿ ಬೆಳೆದ ಮೂಳೆ. ನೋವು ತಿಳಿಯುತ್ತದೆ.

ಮೂಗಿನಲ್ಲಿ ಗುಳ್ಳೆ, ಊದಿದ ಕಣ್ಣು, ಊಟ ಬಿಟ್ಟದ್ದು ಕಂಡರೆ ಮನೆಮದ್ದು ಬೇಡ. ನಾಯಿಗೆ ಕೊಡುವ ಐವರ್‌ಮೆಕ್ಟಿನ್ ಆಮೆಗೆ ವಿಷ, ಇದು ಗೊತ್ತಿರುವ ವೈದ್ಯರನ್ನೇ ಮೊದಲು ಹುಡುಕಿಕೊಂಡಿರಬೇಕು. ನವಸಾರಿಯಲ್ಲೂ ಆಣಂದ್‌ನಲ್ಲೂ ಪಶುವೈದ್ಯ ಕಾಲೇಜುಗಳಿವೆ, ವಿಚಾರಣೆಯನ್ನು ಅಲ್ಲಿಂದಲೇ ಶುರುಮಾಡಬಹುದು.

ಇಲ್ಲಿಗೆ ಮರಿಯ ಮನೆ ಮುಗಿಯಿತು, ಆಮೆಯ ಮನೆ ಶುರುವಾಗುವುದು ಈಗ. ಅಂಗೈಯಲ್ಲಿ ಕೂರುವ ಈ ಮರಿ ಜಗತ್ತಿನ ಮೂರನೆಯ ಅತಿ ದೊಡ್ಡ ನೆಲದಾಮೆಯ ಜಾತಿಯದು. ಅದಕ್ಕಿಂತ ದೊಡ್ಡವು ಗ್ಯಾಲಪಗಸ್ ಮತ್ತು ಅಲ್ಡಾಬ್ರಾ ದ್ವೀಪಗಳ ಆಮೆಗಳು ಮಾತ್ರ. ಬೆಳೆದ ಗಂಡು 40–50 ಕಿಲೋ ತೂಗುತ್ತದೆ, ಕೆಲವು ಅದನ್ನೂ ಮೀರುತ್ತವೆ. ಎರಡೂವರೆ ಅಡಿ ಉದ್ದದ ಚಿಪ್ಪು, ನೆಲ ತೋಡುವ ಬುಲ್ಡೋಜರ್ ಕಾಲು. ಬೇಲಿಯ ಬುಡಕ್ಕೆ ಕಾಂಕ್ರೀಟ್ ಇಳಿಸದಿದ್ದರೆ ಅಡಿಯಿಂದ ತೋಡಿಕೊಂಡು ಆಚೆ ಹೋಗುತ್ತದೆ. ಆಯುಸ್ಸು ಎಪ್ಪತ್ತು ವರ್ಷ ದಾಟಬಹುದು. ಈಗ ಮೂರನೇ ಕ್ಲಾಸಿನಲ್ಲಿರುವ ಹುಡುಗ ನಿವೃತ್ತನಾದರೂ ಅದು ಗರಿಕೆ ಮೇಯುತ್ತಿರುತ್ತದೆ.

ಹಜೀರಾಕ್ಕೆ ಬಂದಿರುವ ನಮ್ಮ ಕನ್ನಡಿಗರಲ್ಲಿ ಬಹುಪಾಲು ವರ್ಗಾವಣೆಯ ನೌಕರಿಯವರು. ಇಂದು ಉಕ್ಕಿನ ಕಾರ್ಖಾನೆ, ನಾಳೆ ವಿಜಯನಗರವೋ ಮಂಗಳೂರೋ. ಎಲ್ಲಿ ಹೋದರೂ ಮೂರನೇ ಮಹಡಿಯ ಕ್ವಾರ್ಟರ್ಸು. ಅಂಥವರು ಸಲ್ಕಾಟಾ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಊರಿನಲ್ಲಿ ಸ್ವಂತ ಹಿತ್ತಲು, ನೋಡಿಕೊಳ್ಳುವ ಜನ, ಮುಂದಿನ ತಲೆಮಾರಿನ ಒಪ್ಪಿಗೆ ಈ ಮೂರೂ ಇದ್ದವರು ಮಾತ್ರ ಯೋಚಿಸಲಿ. ಈಗಾಗಲೇ ತಂದಿದ್ದರೆ ನೋಂದಣಿ ಮಾಡಿಸಿ, ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಗಾಯಗೊಂಡ ಆಮೆ ರಸ್ತೆಯಲ್ಲಿ ಸಿಕ್ಕರೆ ಗುಜರಾತಿನಲ್ಲಿ ಪ್ರಾಣಿಗಳ ಆಂಬ್ಯುಲೆನ್ಸ್‌ಗೆ 1962, ಕರ್ನಾಟಕದಲ್ಲಿ ಅರಣ್ಯ ಸಹಾಯವಾಣಿಗೆ 1926. ಎರಡೂ ಸಂಖ್ಯೆ ಫೋನಿನಲ್ಲಿ ಇರಲಿ.