ದರ್ಜಿಯ ಸ್ನಾಯು

ಇಟಲಿಯ ಪಡುವಾ ವಿಶ್ವವಿದ್ಯಾಲಯದ ಹಳೆಯ ಕಟ್ಟಡ ಪಲಾಜೊ ಬೋ. ಅದರೊಳಗೆ 1595ರಲ್ಲಿ ಕಟ್ಟಿದ ಮರದ ಅಂಗರಚನಾ ರಂಗಶಾಲೆ ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ಮೊಟ್ಟೆಯಾಕಾರದ ಆರು ಅಂತಸ್ತು, ಕೆಳಗಿಳಿದಂತೆಲ್ಲ ಇಕ್ಕಟ್ಟು. ಕೂರಲು ಜಾಗವಿರಲಿಲ್ಲ. ಕಟಾಂಜನಕ್ಕೆ ಎದೆಯೊತ್ತಿ, ಭುಜಕ್ಕೆ ಭುಜ ತಾಗಿಸಿ ನಿಂತೇ ಪಾಠ ಕೇಳಬೇಕಿತ್ತು. ತಳದಲ್ಲಿ ಮೇಜು, ಮೇಜಿನ ಮೇಲೆ ಹೆಣ, ಸುತ್ತ ಮೇಣದಬತ್ತಿಗಳ ಬೆಳಕು. ಪಾಠವೆಲ್ಲ ನಡೆಯುತ್ತಿದ್ದದ್ದು ಚಳಿಗಾಲದಲ್ಲೇ, ಸೆಖೆಗೆ ಹೆಣ ತಾಳುತ್ತಿರಲಿಲ್ಲ.

ಬ್ರಸೆಲ್ಸಿನಲ್ಲಿ ಹುಟ್ಟಿದ ಆಡ್ರಿಯಾನ್ ವಾನ್ ಡೆನ್ ಸ್ಪೀಗೆಲ್ 1616ರಿಂದ ಪಡುವಾದಲ್ಲಿ ಅಂಗರಚನೆಯ ಪ್ರಾಧ್ಯಾಪಕರಾಗಿದ್ದರು. ತೊಡೆಯ ಚರ್ಮ, ಕೊಬ್ಬು ಬಿಡಿಸಿದರೆ ಓರೆಯಾಗಿ ಹಾಯ್ದ ಸ್ನಾಯುವೊಂದು ಕಣ್ಣಿಗೆ ಬೀಳುತ್ತದೆ. ಲಂಗದ ಲಾಡಿಯಂತೆ ಚಪ್ಪಟೆ, ತೆಳು. ಸೊಂಟದ ಮೂಳೆಯ ಮುಂಚೂಪಿನಲ್ಲಿ ಹುಟ್ಟಿ, ತೊಡೆಯನ್ನು ಅಡ್ಡ ದಾಟಿ, ಮಂಡಿಯ ಒಳಮಗ್ಗುಲನ್ನು ಬಳಸಿ ಅದರ ಕೆಳಗಿನ ದಪ್ಪ ಮೂಳೆಗೆ ಅಂಟಿಕೊಳ್ಳುತ್ತದೆ. ಮನುಷ್ಯನ ಮೈಯಲ್ಲಿ ಇದಕ್ಕಿಂತ ಉದ್ದದ ಸ್ನಾಯು ಇನ್ನೊಂದಿಲ್ಲ.

ಸ್ಪೀಗೆಲ್ ಇದನ್ನು ಸಾರ್ಟೋರಿಯಸ್ ಎಂದು ಕರೆದರು. ಲ್ಯಾಟಿನ್ನಿನಲ್ಲಿ ಸಾರ್ಟರ್ ಅಂದರೆ ಹರಿದದ್ದನ್ನು ಹೊಲಿದು ಸರಿಮಾಡುವವನು, ದರ್ಜಿ. ಕಾರಣವನ್ನೂ ಅವರೇ ತಮ್ಮ ಪುಸ್ತಕದಲ್ಲಿ ಬರೆದಿಟ್ಟರು: ಹೊಲಿಯುವಾಗ ಕಾಲ ಮೇಲೆ ಕಾಲು ಹಾಕಿಕೊಳ್ಳಲು ದರ್ಜಿಗಳಿಗೆ ಹೆಚ್ಚು ಬೇಕಾಗುವುದು ಈ ಸ್ನಾಯುವೇ. ಆ ಪುಸ್ತಕ ಅಚ್ಚಾದದ್ದು 1627ರಲ್ಲಿ, ಅವರು ತೀರಿಕೊಂಡು ಎರಡು ವರ್ಷಕ್ಕೆ.

ಹೊಲಿಗೆ ಯಂತ್ರವಿಲ್ಲದ ಕಾಲ. ಕಿಟಕಿಯ ಪಕ್ಕದಲ್ಲಿ ಅಗಲವಾದ ಮೇಜು, ಮೇಜಿನ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತ ದರ್ಜಿ. ಸೂಜಿಗೆ ದಾರ ಪೋಣಿಸಲು ಬೆಳಕು ಬೇಕು. ಗಿರಾಕಿಯ ಬೆಲೆಬಾಳುವ ಬಟ್ಟೆಗೆ ನೆಲದ ಕೊಳೆ ತಾಗಬಾರದು. ಮಡಿಲ ತುಂಬ ಬಟ್ಟೆ, ಎರಡೂ ಕೈಗಳಿಗೆ ಬಿಡುವಿಲ್ಲ. ಪಡುವಾದ ಕಮಾನು ಬೀದಿಗಳಲ್ಲಿ ಓಡಾಡಿದ ಪ್ರಾಧ್ಯಾಪಕರ ಕಣ್ಣಿಗೆ ಇಂಥವರು ಬೀಳದೆ ಇದ್ದಾರೆಯೇ? ಹಾಗೆ ಕೂರಲು ತೊಡೆ ಮೇಲಕ್ಕೆ ಮಡಚಬೇಕು, ಹೊರಕ್ಕೆ ತಿರುಗಬೇಕು, ಮಂಡಿಯೂ ಮಡಚಬೇಕು. ಸಾರ್ಟೋರಿಯಸ್ ಈ ಮೂರಕ್ಕೂ ಕೈಜೋಡಿಸುತ್ತದೆ.

ಅಂಗರಚನೆಯ ಹಲವು ಹೆಸರುಗಳು ಆಕಾರ ನೋಡಿ ಇಟ್ಟವು. ಹೆಗಲಿನ ಡೆಲ್ಟಾಯ್ಡ್ ಗ್ರೀಕ್ ಅಕ್ಷರದಿಂದ ಬಂತು, ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ನಾಲ್ಕು ತಲೆಯದು. ಅವುಗಳ ನಡುವೆ, ಬೆನ್ನು ಬಗ್ಗಿಸಿ ದುಡಿದ ಒಬ್ಬ ಕಸುಬುದಾರನನ್ನು ನೆನೆದು ಇಟ್ಟ ಈ ಹೆಸರು ನನಗೆ ತೀರ ಅಚ್ಚುಮೆಚ್ಚು. ಕುರ್ಚಿಯಲ್ಲಿ ಕೂತು, ಮಂಡಿಯನ್ನು ಹೊರಕ್ಕೆ ವಾಲಿಸಿ, ಕಾಲನ್ನು ತುಸು ಮೇಲೆತ್ತಿ ನೋಡಿ. ಸೊಂಟದ ಮೂಳೆಯಿಂದ ಓರೆಯಾಗಿ ಇಳಿಯುವ ಪಟ್ಟಿ ಬಿಗಿಯಾಗಿ ಬೆರಳಿಗೆ ಸಿಗುತ್ತದೆ.