ಸೇಫ್ಟಿ ಓದುತ್ತೇನೆ ಎನ್ನುವ ಮಗಳು

ಕಳೆದ ತಿಂಗಳು ಒಂದು ಮಹಿಳಾ ಹಾಲು ಉತ್ಪಾದಕರ ಸಂಘದಲ್ಲಿ ಸಭೆ ಮುಗಿಸಿ ಹೊರಡುತ್ತಿದ್ದೆ. ಸದಸ್ಯೆಯೊಬ್ಬರು ಪಾಸ್ ಪುಸ್ತಕದ ಒಳಗಿಂದ ಮಡಿಸಿದ ಕಾಗದವೊಂದನ್ನು ತೆಗೆದು ಕೊಟ್ಟರು. ಬಸ್ ನಿಲ್ದಾಣದಲ್ಲಿ ಹಂಚುವಂಥ ಬಣ್ಣದ ಕರಪತ್ರ. ಆರು ತಿಂಗಳಲ್ಲಿ ಸೇಫ್ಟಿ ಡಿಪ್ಲೊಮಾ, ಆಮೇಲೆ ವಿದೇಶದಲ್ಲಿ ಕೆಲಸ ಗ್ಯಾರಂಟಿ ಎಂದಿತ್ತು. ಶುಲ್ಕ ಅರವತ್ತು ಸಾವಿರ.

"ಮೇಡಮ್ಮೋರೆ, ನಮ್ಮ ಹುಡುಗಿ ಬಿಎಸ್ಸಿ ಕೆಮಿಸ್ಟ್ರಿ ಮುಗಿಸವ್ಳೆ. ಇದಕ್ಕೇ ಸೇರ್ತೀನಿ ಅಂತ ಕುಂತವ್ಳೆ. ಸೇಫ್ಟಿ ಅಂದ್ರೆ ಗೇಟ್ ಹತ್ರ ಟೋಪಿ ಹಾಕ್ಕಂಡು ನಿಲ್ಲೋದಾ? ಅದಕ್ಕೂ ಓದು ಬೇಕಾ? ಅವರಪ್ಪ ಕರೆಯೋ ಹಸಾನೇ ಮಾರಿಬಿಡೋಣ ಅಂತಾರೆ."

ಗೇಟಿನ ಬಳಿ ನಿಲ್ಲುವುದು ಸೆಕ್ಯುರಿಟಿ. ಇದು ಬೇರೆ. ಕೆಲಸಕ್ಕೆ ಬಂದವರು ಬಂದ ಹಾಗೆಯೇ ಕೈಕಾಲು ನೆಟ್ಟಗಿಟ್ಟುಕೊಂಡು ಮನೆಗೆ ಹೋಗುವಂತೆ ನೋಡಿಕೊಳ್ಳುವ ಕೆಲಸ ಇದು. ಅಷ್ಟು ಹೇಳಿ ಬಂದೆ, ಆದರೆ ಹಸು ಮಾರುವ ಮಾತು ತಲೆಯಲ್ಲೇ ಉಳಿಯಿತು. ನಾನು ಓದಿದ್ದು ಈ ವಿಷಯವಲ್ಲ. ಹಾಗಾಗಿ ಬಲ್ಲವರನ್ನು ಕೇಳಿ, ಪುಸ್ತಕ ನೋಡಿ, ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಕರಪತ್ರ ನಿಮ್ಮಲ್ಲಿ ಇನ್ನೂ ಕೆಲವರ ಮನೆಗೆ ಬಂದಿರಬಹುದು.

ನೀವು ಬೆಳಿಗ್ಗೆ ಸಂಘಕ್ಕೆ ಹಾಕಿದ ಹಾಲು ಡೇರಿ ಘಟಕ ಸೇರುತ್ತದೆ. ಅಲ್ಲಿ ಹಾಲನ್ನು ತಣ್ಣಗಿಡಲು ಅಮೋನಿಯಾ ಅನಿಲ ಬಳಸುತ್ತಾರೆ. ಅದು ಸೋರಿದರೆ ಕಣ್ಣು, ಗಂಟಲು, ಶ್ವಾಸಕೋಶ ಸುಡುತ್ತದೆ. ಕಾಯಿಸಲು ಬಾಯ್ಲರ್ ಇದೆ, ಪೈಪುಗಳನ್ನು ತೊಳೆಯಲು ಕಾಸ್ಟಿಕ್ ಸೋಡಾ ಮತ್ತು ನೈಟ್ರಿಕ್ ಆಮ್ಲ ಇವೆ. ಎಲ್ಲಿ ಏನು ಸೋರಬಹುದು, ಸೋರಿದರೆ ಯಾರು ಯಾವ ಕಡೆಗೆ ಓಡಬೇಕು, ಯಾವ ವಾಲ್ವ್ ಮುಚ್ಚಬೇಕು ಎಂಬುದನ್ನು ಅವಘಡ ಆಗುವ ಮೊದಲೇ ಯೋಚಿಸಿಡುವವರು ಬೇಕು. ಯೋಚಿಸದಿದ್ದರೆ ಏನಾಗುತ್ತದೆ ಎಂಬುದನ್ನು 1984ರ ಡಿಸೆಂಬರ್‌ನಲ್ಲಿ ಭೋಪಾಲ್ ತೋರಿಸಿತು. ಕೀಟನಾಶಕ ಕಾರ್ಖಾನೆಯ ವಿಷಾನಿಲ ಮಲಗಿದ್ದ ಸಾವಿರಾರು ಜನರ ಪ್ರಾಣ ತೆಗೆಯಿತು. ಅದಾದ ಮೇಲೆ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಕೆಲಸಗಳ ಬಗ್ಗೆ ಪ್ರತ್ಯೇಕ ಅಧ್ಯಾಯವನ್ನೇ ಸೇರಿಸಿದರು.

ಸುರಕ್ಷತಾ ಅಧಿಕಾರಿ ಇರಲೇಬೇಕು ಎನ್ನುವುದೂ ಕಾನೂನೇ. 1948ರ ಕಾರ್ಖಾನೆ ಕಾಯ್ದೆಯಲ್ಲಿ 1000 ಕಾರ್ಮಿಕರಿರುವ ಕಡೆ ಎಂದಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಹೊಸ ಸಂಹಿತೆಯಲ್ಲಿ ಅದು 500ಕ್ಕೆ ಇಳಿದಿದೆ. ಅಪಾಯಕಾರಿ ಕಾರ್ಖಾನೆಗಳಿಗೆ 250. ಎಂದರೆ ಇಂಥವರನ್ನು ಇಟ್ಟುಕೊಳ್ಳಬೇಕಾದ ಕಾರ್ಖಾನೆಗಳು ಹೆಚ್ಚುತ್ತವೆ. ಹುಡುಗಿಯ ಆಸೆ ಸುಳ್ಳಲ್ಲ.

ಇನ್ನು ಓದಿನಲ್ಲಿ ಏನಿದೆ? ಕಾನೂನು, ಬೆಂಕಿ, ವಿದ್ಯುತ್, ರಾಸಾಯನಿಕ, ಯಂತ್ರ ಎಲ್ಲವೂ ಇವೆ. ಆದರೆ ನನಗೆ ಹಿಡಿಸಿದ್ದು ಅವರು ಅಪಘಾತವನ್ನು ನೋಡುವ ರೀತಿ. ನಮ್ಮ ಮೇವು ಕತ್ತರಿಸುವ ಯಂತ್ರವನ್ನೇ ತೆಗೆದುಕೊಳ್ಳಿ. ಯಾರದಾದರೂ ಬೆರಳು ಹೋದರೆ ಊರಿನಲ್ಲಿ ಮೊದಲು ಬರುವ ಮಾತು, "ನೋಡ್ಕೊಂಡು ಹಾಕ್ಬಾರ್ದಾ?" ಬೆರಳು ಕಳೆದುಕೊಂಡವಳೇ ತಪ್ಪಿತಸ್ಥೆ. ಈ ವಿಷಯ ಓದಿದವರು ಯಂತ್ರದ ಕಡೆ ತಿರುಗುತ್ತಾರೆ. ಮೇವು ತಳ್ಳುವ ತೊಟ್ಟಿ ಎಷ್ಟು ಉದ್ದವಿದೆ? ಕೈ ಚಾಚಿದರೂ ಉರುಳೆಗೆ ತಲುಪದಷ್ಟು ಉದ್ದವಿದ್ದು, ಬಾಯಿಗೆ ಮುಚ್ಚಿಗೆ ಇದ್ದರೆ ಮನಸ್ಸು ಎಲ್ಲೋ ಇದ್ದರೂ ಬೆರಳು ಉಳಿಯುತ್ತದೆ. ಬೆಲ್ಟಿಗೆ ಜಾಲರಿ ಇದೆಯೇ? ಸೆರಗು ಸಿಕ್ಕುವುದು ಅಲ್ಲೇ. ಸ್ವಿಚ್ ಕೈಗೆ ಸಿಗುತ್ತದೆಯೇ, ಅಥವಾ ಗೋಡೆಯ ಆಚೆ ಇದೆಯೇ? ಸಂಜೆ ಕರೆಂಟ್ ಬಂದಾಗಲೇ ಕತ್ತರಿಸಬೇಕಾದರೆ ಅಲ್ಲಿ ಬಲ್ಬ್ ಇದೆಯೇ?

ಅವರ ಲೆಕ್ಕದಲ್ಲಿ ಪರಿಹಾರಗಳಿಗೂ ಒಂದು ಸಾಲು ಇದೆ. ಅಪಾಯವನ್ನೇ ತೆಗೆದುಹಾಕುವುದು ಮೊದಲು. ಆಗದಿದ್ದರೆ ಕಡಿಮೆ ಅಪಾಯದ್ದನ್ನು ತರುವುದು, ಆಮೇಲೆ ಯಂತ್ರಕ್ಕೆ ತಡೆ ಹಾಕುವುದು, ಆಮೇಲೆ ಕೆಲಸದ ಕ್ರಮ ಮತ್ತು ತರಬೇತಿ. ಟೋಪಿ, ಕೈಗವಸು, ಬೂಟು ಎಲ್ಲಕ್ಕಿಂತ ಕೊನೆಗೆ. ನಾವು ಕೊನೆಯದನ್ನೇ ಮೊದಲು ಕೊಡುತ್ತೇವೆ. ತಿರುಗುವ ಯಂತ್ರದ ಬಳಿ ಕೈಗವಸೇ ಸಿಕ್ಕಿಕೊಂಡು ಕೈಯನ್ನು ಒಳಗೆ ಎಳೆಯಬಹುದು ಎಂಬುದು ನನಗೂ ಹೊಳೆದಿರಲಿಲ್ಲ. ಆದರೆ ಹಸು ಕಂದು ಹಾಕಿದಾಗ ಕಸವನ್ನು ಬರಿಗೈಯಲ್ಲಿ ಎತ್ತಬೇಡಿ. ಬ್ರುಸೆಲ್ಲೋಸಿಸ್ ರೋಗ ಮನುಷ್ಯರಿಗೂ ಹಾಗೆಯೇ ಹತ್ತುತ್ತದೆ, ಅಲ್ಲಿ ಕೈಗವಸು ಬೇಕೇ ಬೇಕು.

ಗೊಬ್ಬರದ ಅನಿಲದ ಗುಂಡಿಯ ಪಾಠವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇದಕ್ಕೆ ಮಗಳು ಓದಿ ಬರುವವರೆಗೆ ಕಾಯಬೇಕಾಗಿಲ್ಲ. ಮುಚ್ಚಿದ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಸೇರಿಕೊಳ್ಳುತ್ತದೆ. ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ವಾಸನೆ ಹೋಯಿತು, ಗಾಳಿ ತಿಳಿಯಾಯಿತು ಎಂದುಕೊಂಡು ಇಳಿದವರು ಅಲ್ಲೇ ಬೀಳುತ್ತಾರೆ. ಬಿದ್ದವರನ್ನು ಎತ್ತಲು ಅಣ್ಣನೋ ಮಗನೋ ಇಳಿಯುತ್ತಾರೆ, ಅವರೂ ಬೀಳುತ್ತಾರೆ. ಒಂದೇ ಮನೆಯ ಎರಡು ಮೂರು ಜನ ಹೋಗುವುದು ಹೀಗೆ. ಯಾರೇ ಬಿದ್ದಿರಲಿ, ಗುಂಡಿಗೆ ಇಳಿಯಬೇಡಿ. 112ಕ್ಕೆ ಕರೆ ಮಾಡಿ, ಅಗ್ನಿಶಾಮಕದವರನ್ನು ಕರೆಸಿ. ಕರುಳು ಕೇಳುವುದಿಲ್ಲ, ಗೊತ್ತು. ಅದಕ್ಕೇ ಮನೆಯಲ್ಲಿ ಎಲ್ಲರಿಗೂ ಮೊದಲೇ ಹೇಳಿಡಿ.

ಈಗ ಎಲ್ಲಿ ಓದುವುದು ಎಂಬ ಪ್ರಶ್ನೆ. ಪಿಯುಸಿ ವಿಜ್ಞಾನ ಮುಗಿಸಿದವರಿಗೆ ಕೇರಳದ ಕೊಚ್ಚಿನ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಸುರಕ್ಷತೆ ಮತ್ತು ಅಗ್ನಿ ಎಂಜಿನಿಯರಿಂಗ್ ಬಿ.ಟೆಕ್. ಇದೆ. ಎಂಜಿನಿಯರಿಂಗ್ ಮುಗಿಸಿದವರಿಗೆ ತಿರುಚಿರಾಪಳ್ಳಿಯ ಎನ್‌ಐಟಿಯಲ್ಲಿ ಕೈಗಾರಿಕಾ ಸುರಕ್ಷತೆಯ ಎಂ.ಟೆಕ್. ಇದೆ. ಕಾರ್ಖಾನೆಯಲ್ಲಿ ಈಗಾಗಲೇ ದುಡಿಯುತ್ತಿರುವವರಿಗೆ ಕೇಂದ್ರ ಸರ್ಕಾರದ ಸಂಸ್ಥೆಗಳಿವೆ. ಮುಂಬೈನ ಕೇಂದ್ರ ಕಾರ್ಮಿಕ ಸಂಸ್ಥೆ, ನಮಗೆ ಹತ್ತಿರವೆಂದರೆ ಚೆನ್ನೈನ ಪ್ರಾದೇಶಿಕ ಕಾರ್ಮಿಕ ಸಂಸ್ಥೆ. ಅಲ್ಲಿನ ಒಂದು ವರ್ಷದ ಡಿಪ್ಲೊಮಾಕ್ಕೆ ಒಳ್ಳೆಯ ಹೆಸರಿದೆ.

ಆ ತಾಯಿಗೆ ನಾನು ಬಿಡಿಸಿ ಹೇಳಬೇಕಾಗಿದ್ದು ಇದಕ್ಕಿಂತ ಮುಖ್ಯವಾದ ಮಾತು. ಕಾರ್ಖಾನೆ ಕಾಯ್ದೆಯ ಕೆಳಗಿನ ನಿಯಮಗಳು ಸುರಕ್ಷತಾ ಅಧಿಕಾರಿಗೆ ಸುರಕ್ಷತೆಯ ಪ್ರಮಾಣಪತ್ರವೊಂದನ್ನೇ ಕೇಳುವುದಿಲ್ಲ. ಎಂಜಿನಿಯರಿಂಗ್ ಪದವಿ ಅಥವಾ ಡಿಪ್ಲೊಮಾ, ಇಲ್ಲವೇ ಭೌತಶಾಸ್ತ್ರ ಅಥವಾ ರಸಾಯನಶಾಸ್ತ್ರದ ಪದವಿ ಬೇಕು. ಕಾರ್ಖಾನೆಯಲ್ಲಿ ಮೇಲ್ವಿಚಾರಣೆ ಮಾಡಿದ ಕೆಲವು ವರ್ಷಗಳ ಅನುಭವ ಬೇಕು. ರಾಜ್ಯ ಸರ್ಕಾರ ಮಾನ್ಯ ಮಾಡಿದ ಸುರಕ್ಷತಾ ಪದವಿ ಅಥವಾ ಡಿಪ್ಲೊಮಾ ಬೇಕು. ಅಲ್ಲಿನ ಹೆಚ್ಚಿನ ಕಾರ್ಮಿಕರು ಆಡುವ ಭಾಷೆಯೂ ಗೊತ್ತಿರಬೇಕು. ಕೊನೆಯದು ನಮ್ಮ ಹುಡುಗಿಯರ ಹತ್ತಿರ ಆಗಲೇ ಇದೆ. ಹುಡುಗಿಯ ಬಿಎಸ್ಸಿಯೂ ಲೆಕ್ಕಕ್ಕೆ ಬರುತ್ತದೆ. ಇಲ್ಲದಿರುವುದು ಅನುಭವ, ಅದನ್ನು ಯಾವ ಕರಪತ್ರವೂ ಮಾರುವುದಿಲ್ಲ.

ಹಾಗಾಗಿ ಮೊದಲು ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲೋ ಗುಣಮಟ್ಟ ವಿಭಾಗದಲ್ಲೋ ಕೆಲಸಕ್ಕೆ ಸೇರಲಿ, ಅಲ್ಲಿ ಮೇಲ್ವಿಚಾರಣೆಯ ಹೊಣೆ ಬಂದು ಕೆಲವು ವರ್ಷವಾದ ಮೇಲೆ ಸುರಕ್ಷತೆಯ ಓದಿಗೆ ಹೋಗಲಿ ಎಂಬುದು ನನ್ನ ಅಭಿಪ್ರಾಯ. ರಾತ್ರಿ ಪಾಳಿಯ ಚಿಂತೆ ಅಪ್ಪನಿಗೆ ಇದ್ದೇ ಇರುತ್ತದೆ. ಹೊಸ ಸಂಹಿತೆಯ ಪ್ರಕಾರ ಹೆಣ್ಣುಮಕ್ಕಳ ಒಪ್ಪಿಗೆ ಇಲ್ಲದೆ ಸಂಜೆ 7ರ ನಂತರ, ಬೆಳಿಗ್ಗೆ 6ಕ್ಕೆ ಮೊದಲು ದುಡಿಸುವಂತಿಲ್ಲ.

ಕರಪತ್ರದವರಿಗೆ ನಾನೇ ಫೋನು ಮಾಡಿದೆ. ನಿಮ್ಮ ಡಿಪ್ಲೊಮಾಕ್ಕೆ ಕರ್ನಾಟಕ ಸರ್ಕಾರದ ಮಾನ್ಯತೆ ಇದೆಯೇ, ಆದೇಶದ ಪ್ರತಿ ಕಳಿಸುತ್ತೀರಾ ಎಂದು ಕೇಳಿದೆ. "ನಮ್ಮದು ಇಂಟರ್‌ನ್ಯಾಷನಲ್ ಮೇಡಂ" ಎಂದರು. ಪ್ರತಿ ಬರಲಿಲ್ಲ. ನಿಮಗೂ ಅನುಮಾನವಿದ್ದರೆ ಹಣ ಕಟ್ಟುವ ಮೊದಲು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಮೊನ್ನೆ ಬಟವಾಡೆಯ ದಿನ ಆ ತಾಯಿ ಮತ್ತೆ ಸಿಕ್ಕರು. ಹುಡುಗಿ ಎರಡು ದಿನ ಮುಖ ಊದಿಸಿಕೊಂಡಿದ್ದಳಂತೆ. ಮೂರನೆಯ ದಿನ ವೆಲ್ಡಿಂಗ್ ಅಂಗಡಿಯವರನ್ನು ಮನೆಗೆ ಕರೆಸಿ, ಮೇವಿನ ಯಂತ್ರದ ತೊಟ್ಟಿಯನ್ನು ಉದ್ದ ಮಾಡಿಸಿ, ಬೆಲ್ಟಿಗೆ ಜಾಲರಿ ಹಾಕಿಸಿದ್ದಾಳೆ. ಹಸು ಕೊಟ್ಟಿಗೆಯಲ್ಲೇ ಇದೆ.